ಬಟ್ಟೆ ಡೈಪರೋ, ಬಳಸಿ ಬಿಸಾಡೋ ಡೈಪರೋ?

ಹೊಸ ಅಮ್ಮ: ಮಗುವಿಗೆ ಮೂರು ವಾರ. ದಿನಕ್ಕೆ ಹತ್ತು ಸಲವಾದರೂ ಡೈಪರ್ ಬದಲಿಸುತ್ತೇವೆ. ಸಂಜೆ ತುಂಬಿದ ಕಸದ ಬುಟ್ಟಿ ನೋಡಿದರೆ ಸಂಕಟ ಆಗುತ್ತದೆ. ಅದಕ್ಕೇ ಒಗೆದು ಮತ್ತೆ ಹಾಕುವ ಬಟ್ಟೆ ಡೈಪರ್ ನಾಲ್ಕು ತಂದು, ಒಂದು ಸಲ ಒಗೆದು ಹಾಕಿದೆ. ಅರ್ಧ ಗಂಟೆಗೆಲ್ಲ ಸೋರಿ ಹಾಸಿಗೆ ಒದ್ದೆ. ಹೊಲಿಗೆ ಇನ್ನೂ ನೋಯುತ್ತಿದೆ, ನಿದ್ದೆ ಇಲ್ಲ, ಅದರ ಮೇಲೆ ಒಗೆಯೋ ಕೆಲಸ ಬೇರೆ. ಬಟ್ಟೆಯದ್ದು ನಿಜಕ್ಕೂ ನಡೆಯುತ್ತದಾ, ಸುಮ್ನೆ ಒದ್ದಾಡುತ್ತಿದ್ದೇನಾ? ಬಳಸಿದವರು ಹೇಳಿ.

ಎರಡು ಮಕ್ಕಳ ತಾಯಿ: ಡೈಪರ್ ಕೆಟ್ಟದ್ದಲ್ಲ ಕಣಮ್ಮ, ಹೊಸದು ಅಷ್ಟೇ. ಹೊಸ ಹತ್ತಿ ಬಟ್ಟೆ ಐದಾರು ಸಲ ಒಗೆದು ಒಣಗಿಸಿದ ಮೇಲೇ ಚೆನ್ನಾಗಿ ಹೀರುವುದು. ಬಟ್ಟೆ ಮೆತ್ತಗಾಗಲಿ ಅಂತ ಕೊನೆಯ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕುತ್ತಿದ್ದರೆ ಇವತ್ತೇ ಬಿಡು, ಅದು ನೂಲಿನ ಮೇಲೆ ಪದರ ಕಟ್ಟಿ ಬಟ್ಟೆ ನೀರು ಹೀರದ ಹಾಗೆ ಮಾಡುತ್ತದೆ. ಜಿಡ್ಡಿನ ರ‍್ಯಾಶ್ ಕ್ರೀಮ್ ಮೆತ್ತಿದರೂ ಅದೇ ಕಥೆ. ಇನ್ನೊಂದು, ಒಳಗಿನ ಪ್ಯಾಡಿನ ಅಂಚು ತೊಡೆಯ ಹತ್ತಿರ ಒಂಚೂರು ಹೊರಗೆ ಇಣುಕಿದರೂ ಸಾಕು, ಅಲ್ಲಿಂದಲೇ ಸೋರುತ್ತದೆ. ಮತ್ತೆ ನಾಲ್ಕು ಎಲ್ಲಿ ಸಾಲುತ್ತದೆ? ದಿನ ಬಿಟ್ಟು ದಿನ ಒಗೆಯುವುದಾದರೆ ಈ ವಯಸ್ಸಿಗೆ 20ರಿಂದ 24 ಬೇಕು.

ಒಗೆಯುವ ಅಪ್ಪ: ನಮ್ಮಲ್ಲಿ ಹಗಲು ಬಟ್ಟೆಯದ್ದು, ರಾತ್ರಿ ಬಿಸಾಡುವುದು. ಬಿಸಾಡುವ ಡೈಪರಿನ ಒಳಗಿನ ಪುಡಿ ಉಚ್ಚೆ ಹೀರಿ ಜೆಲ್ ಆಗುತ್ತದೆ, ಒತ್ತಿದರೂ ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ, ಹಾಗಾಗಿ ಮಗುವೂ ಮಲಗುತ್ತದೆ ನಾವೂ ಮಲಗುತ್ತೇವೆ. ಇದರಲ್ಲಿ ತಪ್ಪು ಮಾಡಿದ ಭಾವನೆ ಬೇಡವೇ ಬೇಡ. ಒಗೆಯುವುದು ಪೂರ್ತಿ ನನ್ನ ಕೆಲಸ, ದಯವಿಟ್ಟು ನಿಮ್ಮ ಮನೆಯಲ್ಲೂ ಬೇರೆಯವರಿಗೆ ವಹಿಸಿ. ಕಕ್ಕವನ್ನು ಟಾಯ್ಲೆಟ್‌ಗೆ ಹಾಕಿ, ಡೈಪರ್ ಅನ್ನು ನೆನೆಸದೆ ಒಣ ಬಕೆಟ್‌ನಲ್ಲಿ ಇಡುತ್ತೇನೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಮಷೀನಿಗೆ 60 ಡಿಗ್ರಿಗೆ. ಹಳದಿ ಕಲೆ ಬಿಸಿಲಿಗೆ ತಾನಾಗೇ ಮಾಸುತ್ತದೆ.

ಹೊಸ ಅಮ್ಮ: ಅಯ್ಯೋ, ಕಂಡೀಷನರ್ ಹಾಕಿದ್ದೆ! ರ‍್ಯಾಶ್ ಯಾವುದರಲ್ಲಿ ಕಡಿಮೆ?

ಎರಡು ಮಕ್ಕಳ ತಾಯಿ: ಯಾವುದಾದರೂ ಸರಿ, ಒದ್ದೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಕೆಂಪಗಾಗುತ್ತದೆ. ಬಟ್ಟೆಯದ್ದನ್ನು ಎರಡು ಮೂರು ಗಂಟೆಗೊಮ್ಮೆ ಬದಲಿಸು, ಕಕ್ಕ ಆದರೆ ಎರಡನ್ನೂ ಕೂಡಲೇ ತೆಗಿ. ದಿನಕ್ಕೊಂದಷ್ಟು ಹೊತ್ತು ಏನೂ ಹಾಕದೆ ಗಾಳಿಗೆ ಬಿಡು.

ಲೆಕ್ಕದ ಅಕ್ಕ: ಪರಿಸರದ ಬಗ್ಗೆ ಒಂದು ಮಾತು. 2008ರಲ್ಲಿ ಬ್ರಿಟನ್ನಿನ ಪರಿಸರ ಸಂಸ್ಥೆ ಎರಡನ್ನೂ ಹೋಲಿಸಿ ನೋಡಿತ್ತು. ಬಟ್ಟೆಯದ್ದರ ಲಾಭ ಒಗೆಯುವ ರೀತಿಯ ಮೇಲೆ ನಿಂತಿದೆ: ಮಷೀನ್ ತುಂಬಾ ಹಾಕಿ ಒಗೆಯಬೇಕು, ಡ್ರೈಯರ್ ಬಿಟ್ಟು ಹಗ್ಗದ ಮೇಲೆ ಒಣಗಿಸಬೇಕು, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಇನ್ನೂ ಒಳ್ಳೆಯದು. ಯಾರಾದರೂ ಬಳಸಿದ್ದು ಸಿಕ್ಕರೆ ತಗೊಳ್ಳಿ, ಅವು ಹೀರಲು ಪಳಗಿರುತ್ತವೆ.

ಹೊಸ ಅಮ್ಮ: ಸರಿ. ಹೊಲಿಗೆ ಮಾಗುವ ತನಕ ಬಿಸಾಡುವುದೇ ಇರಲಿ. ಅಷ್ಟರಲ್ಲಿ ಈ ನಾಲ್ಕನ್ನು ನಮ್ಮ ಯಜಮಾನರು ಇನ್ನೈದು ಸಲ ಒಗೆದಿಡುತ್ತಾರಂತೆ.