ಅಪ್‌ಡೇಟ್: ಮ್ಯಾಗ್ನಿಫೈಯರ್ ಹಾಕಿದೆ, ಅಜ್ಜನ ಕಣ್ಣು ಫೋಕಸ್‌ಗೆ ಬಂತು

ಹೋದ ತಿಂಗಳು ಕೇಳಿದ್ದೆ ನೋಡಿ: 0.72 ಫೈಂಡರ್‌ನ ಲೈಕಾ ಎಂ6 ಕ್ಯಾಮೆರಾ (ಕಣ್ಣಿಟ್ಟು ನೋಡುವ ಕಿಂಡಿಯೇ ಫೈಂಡರ್, ಅದು ದೃಶ್ಯವನ್ನು 0.72 ಪಟ್ಟು ತೋರಿಸುತ್ತದೆ), 90 ಎಂಎಂ ಲೆನ್ಸ್, ಎಫ್/2ರಲ್ಲಿ (ಲೆನ್ಸ್ ಬಾಯಿ ಅಗಲ ತೆರೆದು) ತೆಗೆದರೆ ಕಣ್ಣಿನ ಬದಲು ಕಿವಿ ಶಾರ್ಪ್ ಆಗುತ್ತಿದೆ, ಫೈಂಡರ್ ಕಿಂಡಿಗೆ ಹಾಕಿದರೆ 1.25 ಪಟ್ಟು ದೊಡ್ಡದಾಗಿ ತೋರಿಸುವ ಗಾಜು, 1.25ಎಕ್ಸ್ ಮ್ಯಾಗ್ನಿಫೈಯರ್ ತಗೊಳ್ಳಲಾ ಅಂತ. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು, ತಗೊಂಡೆ.

ಅದಕ್ಕೂ ಮೊದಲು, ನೀವು ಹೇಳಿದಂತೆ ರೇಂಜ್‌ಫೈಂಡರ್ (ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡುವ ವ್ಯವಸ್ಥೆ) ಸರಿ ಇದೆಯಾ ನೋಡಿದೆ. ಮಾಳಿಗೆ ಹತ್ತಿ, ಲೆನ್ಸ್ ಇನ್ಫಿನಿಟಿಗೆ ಇಟ್ಟು, ದೂರದ ಗೋಳಗುಮ್ಮಟದ ತುದಿ ನೋಡಿದರೆ ಎರಡು ಬಿಂಬ ಒಂದೇ ಆಗಿದ್ದವು. ಅದು ತಪ್ಪಿದ್ದರೆ ಮ್ಯಾಗ್ನಿಫೈಯರ್ ಸುಮ್ನೆ ದಂಡ.

ಆಮೇಲೆ ಇಬ್ರಾಹಿಂ ರೋಜಾದ ಕಟ್ಟೆ ಮೇಲೆ ಅಜ್ಜನನ್ನು ಕೂರಿಸಿ ಹನ್ನೆರಡು ಫ್ರೇಮ್ ತೆಗೆದೆ. ಫೈಂಡರ್ ನಡುವಿನ ಸಣ್ಣ ಚೌಕದಲ್ಲಿ ಅಜ್ಜನ ಕನ್ನಡಕದ ಅಂಚು ಎರಡೆರಡಾಗಿ ಕಾಣುತ್ತಿತ್ತು. ರಿಂಗ್ ಕೂದಲೆಳೆಯಷ್ಟು ತಿರುಗಿಸಿದೆ, ಟಕ್ ಅಂತ ಒಂದಾಯಿತು. ಮೊದಲೆಲ್ಲ "ಸೇರಿತೇನೋ" ಅನ್ನೋ ಅಂದಾಜು ಅಷ್ಟೇ. ಒಂಬತ್ತು ಸರಿಯಾಗಿ ಬಂದಿವೆ. ಉಳಿದ ಮೂರರಲ್ಲಿ ಅಜ್ಜ ಎಲೆಅಡಿಕೆ ಚೀಲಕ್ಕೆ ಬಗ್ಗಿದ್ದ, ಅದಕ್ಕೆ ಯಾವ ಗಾಜೂ ಏನೂ ಮಾಡಲ್ಲ ಅಲ್ವಾ!

ಲೆಕ್ಕವೂ ಹಾಗೇ ಹೇಳುತ್ತದೆ. ರೇಂಜ್‌ಫೈಂಡರ್‌ನ ಎರಡು ಕಿಂಡಿಗಳ ನಡುವಿನ ದೂರ, ಅಂದರೆ 69.25 ಮಿ.ಮೀ. ಬೇಸ್, 0.72ರಲ್ಲಿ ಸುಮಾರು 50 ಮಿ.ಮೀ.ನಷ್ಟು ಕೆಲಸ ಮಾಡುತ್ತದೆ. ಮ್ಯಾಗ್ನಿಫೈಯರ್ ಹಾಕಿದರೆ 62; ಇದು ಹೆಚ್ಚಿದಷ್ಟೂ ಫೋಕಸ್ ನಿಖರ.

ಎಡವಟ್ಟೂ ಆಯಿತು. ಮರುದಿನ 35 ಎಂಎಂ ಹಾಕಿಕೊಂಡು ಗೋಳಗುಮ್ಮಟಕ್ಕೆ ಹೋದೆ, ಮ್ಯಾಗ್ನಿಫೈಯರ್ ಬಿಚ್ಚುವುದೇ ಮರೆತೆ. ಕನ್ನಡಕ ಹಾಕುವ ನನಗೆ ಫ್ರೇಮ್‌ಲೈನ್ (ಚಿತ್ರದ ಅಂಚು ತೋರಿಸುವ ಗೆರೆ) ಕಾಣಲೇ ಇಲ್ಲ, ಒಂದು ಮಿನಾರು ಅರ್ಧ ಕಟ್. ಒಳಗಿನ ಮಬ್ಬು ಬೆಳಕಲ್ಲಿ ಚೌಕವೂ ಇನ್ನಷ್ಟು ಮಂಕು. ಈಗ 50, 90ಕ್ಕೆ ಮಾತ್ರ ಇದು. 35 ಹಾಕಿದರೆ ಬಿಚ್ಚಿ ಅಂಗಿ ಜೇಬಿಗೆ.