ಪದಚರ್ಚೆ: ನಾಯಿ, ಬೆಕ್ಕುಗಳ ದೇಹಪರೀಕ್ಷೆಯಲ್ಲಿ ‘ಮುಟ್ಟಿ ನೋಡು’ ಎಂದರೆ ಸಾಕೆ?

ನಾಯಿ ಮತ್ತು ಬೆಕ್ಕುಗಳ ದೇಹಪರೀಕ್ಷೆಯನ್ನು ಮೂತಿಯಿಂದ ಬಾಲದವರೆಗೆ ವಿವರಿಸುವ ಕೈಪಿಡಿಯೊಂದನ್ನು ಪಶುವೈದ್ಯಕೀಯ ಸಹಾಯಕರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ಅಂಗಗಳ ಹೆಸರುಗಳು ಹೆಚ್ಚು ಕಾಡಲಿಲ್ಲ. ವಸಡು, ಪಕ್ಕೆ, ತೊಡೆಸಂದು, ಲೋಳೆಪೊರೆ, ದುಗ್ಧಗ್ರಂಥಿ (ಲಿಂಫ್ ನೋಡ್) ಎಲ್ಲವೂ ಬಳಕೆಯಲ್ಲಿವೆ. ತೊಡಕಿರುವುದು ಪರೀಕ್ಷಿಸುವವರ ಕೈ ಮಾಡುವ ಕೆಲಸವನ್ನು ಹೇಳುವ ಕ್ರಿಯಾಪದಗಳಲ್ಲಿ. ಈ ಕುರಿತು ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಕೈಯಿಂದ ಮುಟ್ಟಿ, ಒತ್ತಿ ದೇಹದ ಸ್ಥಿತಿಯನ್ನು ಅರಿಯುವ ‘ಪಾಲ್ಪೇಷನ್’ ಎಂಬುದಕ್ಕೆ ‘ಸ್ಪರ್ಶಪರೀಕ್ಷೆ’ ಎಂಬ ಪದವಿದೆ. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂದು ಆಯುರ್ವೇದದ ಹಳೆಯ ಗ್ರಂಥವಾದ ಅಷ್ಟಾಂಗಹೃದಯ ಹೇಳುವುದರಿಂದ ಅದಕ್ಕೆ ಹಳೆಯ ಬೆಂಬಲವೂ ಇದೆ (ನಮ್ಮ ರೋಗಿಗಳ ವಿಷಯದಲ್ಲಿ ಪ್ರಶ್ನೆಗೆ ಉತ್ತರಿಸುವವರು ಸಾಕಿದವರು, ಅಷ್ಟೇ ವ್ಯತ್ಯಾಸ). ಶೀರ್ಷಿಕೆಗೆ ಈ ಪದ ಸೊಗಸಾಗಿ ಒಪ್ಪುತ್ತದೆ. ಆದರೆ ‘ಬೆಕ್ಕಿನ ಹೊಟ್ಟೆಯನ್ನು ಸ್ಪರ್ಶಿಸಿ’ ಎಂದು ಬರೆದರೆ ಓದಿದವರು ಹೊಟ್ಟೆಯನ್ನು ಮುಟ್ಟಿ ಸುಮ್ಮನಾಗುತ್ತಾರೆ. ಆಗಬೇಕಾದ ಕೆಲಸವೇ ಬೇರೆ: ಬೆಕ್ಕಿನ ಮುಖ ಆಚೆಗಿರುವಂತೆ ನಿಲ್ಲಿಸಿಕೊಂಡು, ಹೊಟ್ಟೆಯ ಕೆಳಗಿನಿಂದ ಒಂದು ಬದಿಗೆ ಹೆಬ್ಬೆರಳನ್ನೂ ಇನ್ನೊಂದು ಬದಿಗೆ ಉಳಿದ ಬೆರಳುಗಳನ್ನೂ ಇಟ್ಟು, ಕೊನೆಯ ಪಕ್ಕೆಲುಬಿನ ಹಿಂದಿನಿಂದ ಸೊಂಟದ ಕಡೆಗೆ ನಿಧಾನವಾಗಿ ಸರಿಸುತ್ತ, ಮೂತ್ರಪಿಂಡಗಳು, ಕರುಳು, ಮೂತ್ರಕೋಶಗಳು ಒಂದೊಂದಾಗಿ ಬೆರಳಿಗೆ ಸಿಗುವಂತೆ ನೋಡಿಕೊಳ್ಳಬೇಕು. ಥಟ್ಟನೆ ಒತ್ತಿದರೆ ಬೆಕ್ಕು ಹೊಟ್ಟೆಯನ್ನು ಬಿಗಿಹಿಡಿಯುತ್ತದೆ. ಆಮೇಲೆ ಏನೂ ತಿಳಿಯುವುದಿಲ್ಲ. ಮೂತ್ರ ಕಟ್ಟಿಕೊಂಡ ಗಂಡುಬೆಕ್ಕಿನಲ್ಲಿ ಮೂತ್ರಕೋಶ ಬಿರುಸಾಗಿ ಉಬ್ಬಿರುತ್ತದೆ, ಬಲ ಹಾಕಿದರೆ ಒಡೆಯುವ ಅಪಾಯವಿದೆ. ಆದ್ದರಿಂದ ‘ಹಿಸುಕಿ ನೋಡು’ ಇಲ್ಲಿ ಸಲ್ಲದು, ‘ಅಮುಕಿ ನೋಡು’ ಎಂಬುದೂ ನನಗೆ ಒರಟಾಗಿಯೇ ಕಾಣುತ್ತದೆ.

ಒಂದೇ ಪದಕ್ಕೆ ಜೋತುಬೀಳದೆ, ಕೈಯ ಕೆಲಸಕ್ಕೆ ತಕ್ಕಂತೆ ಕ್ರಿಯಾಪದವನ್ನು ಬದಲಿಸುವುದು ಮೇಲೆಂದು ನನ್ನ ಅಭಿಪ್ರಾಯ. ಪಕ್ಕೆಲುಬುಗಳ ಮೇಲಿನ ಕೊಬ್ಬನ್ನೂ ಚರ್ಮದ ಗಂಟುಗಳನ್ನೂ ‘ತಡವಿ ನೋಡು’. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಇರುವ ದುಗ್ಧಗ್ರಂಥಿಗಳನ್ನು ಬೆರಳುಗಳ ನಡುವೆ ‘ಹೊರಳಿಸಿ ನೋಡು’. ಹೊಟ್ಟೆಗೆ ‘ಬೆರಳಾಡಿಸಿ ನೋಡು’. ಬೆನ್ನೆಲುಬಿನ ಉದ್ದಕ್ಕೂ ನೋವನ್ನು ಹುಡುಕುವಾಗ ಮಾತ್ರ ‘ಒತ್ತಿ ನೋಡು’. ‘ತಡಕು’ ಎಂಬುದರಲ್ಲಿ ಕತ್ತಲಲ್ಲಿ ಹುಡುಕುವ ಛಾಯೆ ಇರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ಎರಡನೆಯದು, ವಸಡನ್ನು ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಮತ್ತೆ ಕೆಂಪಾಗಲು ಹಿಡಿಯುವ ಹೊತ್ತು. ಆರೋಗ್ಯವಂತ ಪ್ರಾಣಿಯಲ್ಲಿ ಇದು 2 ಸೆಕೆಂಡಿಗಿಂತ ಕಡಿಮೆ. ‘ಲೋಮನಾಳ ಮರುಪೂರಣ ಕಾಲ’ (ಲೋಮನಾಳ ಎಂದರೆ ಅತಿ ಸೂಕ್ಷ್ಮ ರಕ್ತನಾಳ) ಎಂಬ ಪದ ನಿಖರವಾಗಿದ್ದರೂ ನಾಲಗೆಗೆ ಭಾರ. ‘ವಸಡಿನ ಬಣ್ಣ ಮರಳುವ ಅವಧಿ’ ಎಂದು ಮೊದಲು ಬರೆದಿದ್ದೆ. ಆದರೆ ಕೆಲವು ನಾಯಿಗಳ ವಸಡು ಕಪ್ಪಾಗಿಯೇ ಇರುವುದರಿಂದ ತುಟಿಯ ಒಳಮೈಯಲ್ಲೋ ಬೇರೆ ಲೋಳೆಪೊರೆಯಲ್ಲೋ ನೋಡಬೇಕಾಗುತ್ತದೆ. ಹಾಗಾಗಿ ‘ಕೆಂಪು ಮರಳುವ ಅವಧಿ’ ಎಂಬಲ್ಲಿಗೆ ಬಂದು ನಿಂತಿದ್ದೇನೆ.

‘ಮೈ ಬಿಸಿಯಾಗಿದೆ’ ಎಂಬ ಮಾತನ್ನು ಮಾತ್ರ ಪೂರ್ತಿ ತೆಗೆದಿದ್ದೇನೆ. ನಾಯಿಯ ಸಹಜ ಉಷ್ಣತೆಯೇ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುವಾಗ ನಮ್ಮ ಅಂಗೈಗೆ ಅದು ಯಾವಾಗಲೂ ಬಿಸಿಯೇ.

ಉಸಿರಾಟದ ಪದಗಳಲ್ಲಿ ಅರ್ಥ ಹೆಚ್ಚು ಜಾರುತ್ತದೆ. ನಾಯಿ ಮೈಯ ಕಾವನ್ನು ಇಳಿಸಿಕೊಳ್ಳಲು ಬಾಯಿ ತೆರೆದು ನಾಲಗೆ ಚಾಚಿ ವೇಗವಾಗಿ ಉಸಿರಾಡುವುದು ಸಹಜ. ಅದನ್ನು ‘ಏದುಸಿರು’ ಎಂದರೆ ದಣಿವಿನ ಅರ್ಥವೂ, ‘ಉಬ್ಬಸ’ ಎಂದರೆ ರೋಗದ ಅರ್ಥವೂ ಸೇರಿಕೊಳ್ಳುತ್ತದೆ. ಬೆಕ್ಕು ಹೀಗೆ ಬಾಯ್ದೆರೆದು ಉಸಿರಾಡಿದರೆ, ಬರಿಯ ಗಾಬರಿಯಿಂದ ಆಗಿರಬಹುದಾದರೂ, ಬೇರೆ ಕಾರಣ ಸಿಗುವವರೆಗೆ ಅದನ್ನು ಅಪಾಯದ ಚಿಹ್ನೆಯೆಂದೇ ಎಣಿಸಿ ಪರೀಕ್ಷೆಯನ್ನು ನಿಲ್ಲಿಸಿ ಆಮ್ಲಜನಕದ ವ್ಯವಸ್ಥೆ ಮಾಡುವುದು ಲೇಸು. ನಾಯಿಗೆ ‘ತೇಕುವುದು’, ಬೆಕ್ಕಿಗೆ ‘ಬಾಯುಸಿರು’ ಎಂದು ಬೇರೆ ಮಾಡಿದರೆ ಹೇಗೆ? ‘ತೇಕು’ ಎಂಬುದು ಎಲ್ಲರಿಗೂ ಇದೇ ಅರ್ಥವನ್ನು ಕೊಡುತ್ತದೆಯೇ?

ಕಡೆಯದಾಗಿ, ನನಗೆ ಇನ್ನೂ ಬಗೆಹರಿಯದ ಒಂದು ಪದ: ‘ಗುರುಗುಟ್ಟು’. ನಾಯಿ ಎಚ್ಚರಿಕೆ ಕೊಡುವುದೂ ಗುರುಗುಟ್ಟುವುದೇ, ಬೆಕ್ಕು ಮಡಿಲಲ್ಲಿ ಮುದುರಿಕೊಂಡು ಮಾಡುವ ಸದ್ದೂ ಗುರುಗುಟ್ಟುವುದೇ. ಪರೀಕ್ಷೆಯ ಮೇಜಿನ ಮೇಲೆ ಬೆಕ್ಕು ಈ ಎರಡನ್ನೂ ಮಾಡುತ್ತದೆ. ಮೊದಲನೆಯದು ಕೇಳಿದರೆ ಕೈ ಹಿಂತೆಗೆದುಕೊಳ್ಳಬೇಕು. ಎರಡನೆಯದು ಕೇಳಿದರೆ ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಮುಚ್ಚಿಹೋಗುವುದರಿಂದ ಹತ್ತಿರದ ನಲ್ಲಿ ತಿರುಗಿಸಿ, ನೀರಿನ ಸದ್ದಿಗೆ ಬೆಕ್ಕು ಕಿವಿಗೊಟ್ಟು ಸುಮ್ಮನಾಗುವ ಆ ಸ್ವಲ್ಪ ಹೊತ್ತಿನಲ್ಲೇ ಆಲಿಸಿಬಿಡಬೇಕು. ನೋವಿನಲ್ಲಿರುವ ಬೆಕ್ಕೂ ಈ ಎರಡನೆಯ ಸದ್ದನ್ನು ಮಾಡುವುದುಂಟಾದ್ದರಿಂದ ‘ಸಂತೋಷದ ಗುರುಗುರು’ ಎಂದು ವಿಶೇಷಣ ಸೇರಿಸುವಂತೆಯೂ ಇಲ್ಲ. ಬೆಕ್ಕಿನ ಈ ಸದ್ದಿಗಷ್ಟೇ ಸಲ್ಲುವ ಕ್ರಿಯಾಪದವೊಂದು ನಿಮ್ಮ ಆಡುಮಾತಿನಲ್ಲಿ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.