ಮಂಡಿ ಆಪರೇಷನ್ ಆದ ಮೇಲೆ ಸೋರಿದ ರಕ್ತವನ್ನೇ ಮತ್ತೆ ಏರಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ಮುಂದಿನ ತಿಂಗಳು ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಇದೆ. ಆಮೇಲೆ ಗಾಯದೊಳಗೆ ಇಡುವ ಕೊಳವೆ, ಅಂದರೆ ಡ್ರೇನ್‌ನಲ್ಲಿ ಬರುವ ಅವರದೇ ರಕ್ತವನ್ನು ಸೋಸಿ ವಾಪಸ್ ಏರಿಸುತ್ತಾರಂತೆ. ಹೊರಗೆ ಬಂದ ರಕ್ತ ಕೆಟ್ಟಿರಲ್ವಾ?

ಉತ್ತರ (ಅರಿವಳಿಕೆ ವೈದ್ಯರು): ನಿಮ್ಮ ಭಯ ಸಹಜ. ಸರಿಯಾಗಿ ಮಾಡಿದರೆ ಹೆಚ್ಚಿನವರಿಗೆ ಇದು ಸುರಕ್ಷಿತ. ಸ್ವಂತ ರಕ್ತ ಆದ್ದರಿಂದ ಬೇರೆಯವರಿಂದ ಎಚ್‌ಐವಿ, ಹೆಪಟೈಟಿಸ್ ಬರುವ ಭಯವಿಲ್ಲ. ಆದರೆ ಅದು ನರದಿಂದ ತೆಗೆದ ರಕ್ತದ ಹಾಗಿರುವುದಿಲ್ಲ. ಕೆಂಪು ಕಣಗಳು ಕಡಿಮೆ, ಒಂದಷ್ಟು ಒಡೆದೂ ಇರುತ್ತವೆ. ಮೂಳೆಯಿಂದ ಬಂದ ಕೊಬ್ಬಿನ ಹನಿಗಳು, ಉರಿಯೂತ ತರುವ ಅಂಶಗಳೂ ಸೇರಿರುತ್ತವೆ. ಫಿಲ್ಟರ್ ಎಲ್ಲವನ್ನೂ ಹಿಡಿಯುವುದಿಲ್ಲ. ಅದಕ್ಕೇ ಕೆಲವರಿಗೆ ಚಳಿ, ನಡುಕ, ಜ್ವರ ಬರುತ್ತದೆ. ಸಲೈನ್‌ನಲ್ಲಿ ತೊಳೆದು ಕಣಗಳನ್ನಷ್ಟೇ ವಾಪಸ್ ಕೊಡುವ ಯಂತ್ರವೂ ಇದೆ. ಅದರಲ್ಲಿ ಈ ಕಸ ತುಂಬಾ ಕಡಿಮೆ.

ಮುಖ್ಯವಾದದ್ದು ಸಮಯ. ರಕ್ತ ಸಂಗ್ರಹ ಶುರುವಾದ 6 ಗಂಟೆಯೊಳಗೆ ಏರಿಸಿ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಕೊಡಬಾರದು. ಬಾಟಲಿಯ ಲೇಬಲ್ ಮೇಲೆ ಅಮ್ಮನ ಹೆಸರು, ಶುರುವಾದ ಹೊತ್ತು ಬರೆದಿದೆಯಾ ಎಂದು ನೀವೇ ಒಮ್ಮೆ ನೋಡಿ. ಸುಮ್ನೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಂಡಿಯಲ್ಲಿ ಸೋಂಕು ಅಥವಾ ಕ್ಯಾನ್ಸರ್ ಇದ್ದರೆ, ಗಾಯದೊಳಗೆ ಅಯೋಡಿನ್‌ನಂಥ ಔಷಧ ಉಳಿದಿದ್ದರೆ ಈ ರಕ್ತ ಏರಿಸಬಾರದು.

ಪ್ರಶ್ನೆ: ಏರಿಸುವಾಗ ನಡುಕ ಬಂದರೆ? ಅಮ್ಮನ ಹಿಮೋಗ್ಲೋಬಿನ್ 10.5 ಇದೆ, ಅದಕ್ಕೇ ಈ ವಿಧಾನ ಅಂದರು.

ಉತ್ತರ: ನಡುಕ, ಉಬ್ಬಸ, ಎದೆ ಬಿಗಿತ, ಯಾವುದು ಬಂದರೂ ತಕ್ಷಣ ನರ್ಸ್‌ಗೆ ಹೇಳಿ. ಅವರು ನಿಲ್ಲಿಸಿ ಡಾಕ್ಟರನ್ನು ಕರೆಯುತ್ತಾರೆ. "ಬಿಡು, ಸ್ವಲ್ಪ ಚಳಿ ಅಷ್ಟೇ" ಎಂದು ಅಮ್ಮ ಸುಮ್ಮನಿರಬಾರದು.

ನನಗೆ ಜಾಸ್ತಿ ಯೋಚನೆ ಆ 10.5ರದ್ದು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಇನ್ನೂ ಒಂದು ತಿಂಗಳಿದೆ, ಈ ವಾರವೇ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂದು ತೋರಿಸುವ) ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇದ್ದರೆ ಮಾತ್ರೆಯಿಂದಲೋ ಡ್ರಿಪ್‌ನಿಂದಲೋ ಆಪರೇಷನ್‌ಗೆ ಮೊದಲೇ ಹಿಮೋಗ್ಲೋಬಿನ್ ಹೆಚ್ಚಿಸಬಹುದು. ಕೊರತೆ ಯಾಕಾಯಿತು ಎಂದೂ ಕೇಳಿ. ಜೊತೆಗೆ, ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೀರಾ ಎಂದು ಸರ್ಜನ್ ಹತ್ತಿರ ವಿಚಾರಿಸಿ. ಈ ಔಷಧ ಬಂದ ಮೇಲೆ ರಕ್ತ ಸೋರುವುದೇ ಕಡಿಮೆಯಾಗಿದೆ. ಎಷ್ಟೋ ಕಡೆ ಈಗ ಡ್ರೇನ್ ಹಾಕುವುದೇ ಇಲ್ಲ. ಅಮ್ಮನಿಗೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಬಂದಿದ್ದರೆ ಈ ಔಷಧ ಕೊಡುವ ಮೊದಲೇ ಅದನ್ನು ಮಾತ್ರ ಮರೆಯದೆ ಸರ್ಜನ್‌ಗೆ ಹೇಳಿ.